ಬಾಣಂತಿಯ ತಟ್ಟೆ, ತವರಿನ ರಕ್ತ

ಹೆರಿಗೆಯಾದ ನಾಲ್ಕೈದು ದಿನಕ್ಕೆ ನಿದ್ದೆ ಹಾರಿಹೋಗಿ, ತಲೆಬುಡವಿಲ್ಲದ ಮಾತಾಡಿ, ‘ಈ ಕೂಸು ನಂದಲ್ಲ’ ಎಂದು ದೂರ ತಳ್ಳಿದ ಹೆಂಗಸಿನ ಸ್ಥಿತಿಗೆ ನಮ್ಮ ಹಿರಿಯರು ಇಟ್ಟ ಹೆಸರು ಬಾಣಂತಿ ಸನ್ನಿ. ಜ್ವರ ನೆತ್ತಿಗೇರಿ ಬಡಬಡಿಸಿದರೂ ಅದೇ ಹೆಸರು, ಫಿಟ್ಸ್ ಬಂದು ಕೈಕಾಲು ಸೆಟೆದರೂ ಅದೇ ಹೆಸರು. ಕಾರಣ ಕೇಳಿದರೆ ಎರಡು ಉತ್ತರ ಸಿಗುತ್ತಿದ್ದವು. ಒಂದನ್ನು ಎಲ್ಲರೆದುರು ಗಟ್ಟಿಯಾಗಿ ಹೇಳುತ್ತಿದ್ದರು: ತಿನ್ನಬಾರದ್ದನ್ನು ತಿಂದಳು, ತಣ್ಣೀರು ಕುಡಿದಳು, ಶೀತ ಏರಿತು. ಇನ್ನೊಂದನ್ನು ಅಡುಗೆಮನೆಯ ಬಾಗಿಲ ಹಿಂದೆ, ದನಿ ಇಳಿಸಿ ಹೇಳುತ್ತಿದ್ದರು: ‘ಅವಳ ತಾಯಿಗೂ ಹಿಂಗೇ ಆಗಿತ್ತಂತೆ.’

ಊಟ ಮತ್ತು ರಕ್ತ. ಬಾಣಂತಿಯ ಮನಸ್ಸಿನ ಆರೋಗ್ಯವನ್ನು ಅಭ್ಯಾಸ ಮಾಡುವ ವಿಜ್ಞಾನ ಒಂದೂವರೆ ಶತಮಾನದಿಂದ ತೂಗಿ ನೋಡುತ್ತಿರುವುದೂ ಈ ಎರಡು ಮಾತುಗಳನ್ನೇ. ಆ ಕೆಲಸದ ದೊಡ್ಡ ಪಾಲು ಯುರೋಪು, ಅಮೆರಿಕದಲ್ಲಿ ನಡೆಯಿತು. ಆದರೆ ನಮ್ಮ ಹೆಂಗಸರಿಗೆ ನೇರವಾಗಿ ಸಂಬಂಧಿಸಿದ ಪಾಲು ನಡೆದದ್ದು, ನಡೆಯುತ್ತಿರುವುದು ಬೆಂಗಳೂರಿನಲ್ಲಿ. ಜೀನ್ ಓದುವ ಪ್ರಯೋಗಾಲಯಗಳು ಇಂದು ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿವೆ. ಜೈವಿಕ ಮಾಹಿತಿ ವಿಶ್ಲೇಷಿಸುವ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ 2002ರಿಂದ ವೈಟ್‌ಫೀಲ್ಡ್‌ನ ಐಟಿಪಿಎಲ್ ಆವರಣದಲ್ಲಿದೆ. ಅದೇ ವೈಟ್‌ಫೀಲ್ಡ್‌ನ ಹನ್ನೆರಡನೇ ಮಹಡಿಯಲ್ಲೂ ಪೀಣ್ಯದ ಒಂದು ಕೋಣೆಯ ಬಾಡಿಗೆ ಮನೆಯಲ್ಲೂ ದಿನವೂ ಬಾಣಂತನ ನಡೆಯುತ್ತದೆ. ಆ ಪ್ರಯೋಗಾಲಯಗಳಿಗೂ ಈ ಮನೆಗಳಿಗೂ ನಡುವಿನ ದೂರ ಎಷ್ಟು ಎಂಬುದೇ ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ.

ಮೊದಲು ಸನ್ನಿ ಎಂಬ ಗಂಟನ್ನು ಬಿಚ್ಚಬೇಕು. ಹೆರಿಗೆಯ ಮೂರನೆಯ ದಿನದಿಂದ ಒಂದೆರಡು ವಾರ ಸುಮ್ಮಸುಮ್ಮನೆ ಅಳು ಬರುವುದು, ಸಿಡುಕುವುದು ಹೆಚ್ಚಿನ ತಾಯಂದಿರಲ್ಲಿ ಕಾಣುವ, ತಾನಾಗಿ ಹೋಗುವ ಸ್ಥಿತಿ. ಇದು ವಾರಗಟ್ಟಲೆ ನಿಂತು, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡ ಅನ್ನಿಸತೊಡಗಿದರೆ ಅದು ಪ್ರಸವೋತ್ತರ ಖಿನ್ನತೆ. ಭ್ರಮೆ, ಗೊಂದಲ, ನಿದ್ದೆಯೇ ಬೇಡವೆನ್ನಿಸುವ ಉನ್ಮಾದ ಬಂದರೆ ಅದು ಸೈಕೋಸಿಸ್. ಇದು ಸಾವಿರ ಹೆರಿಗೆಗೆ ಒಂದೋ ಎರಡೋ. ಹಿರಿಯರ ಸನ್ನಿ ಎಂಬ ಮಾತಿಗೆ ಸಿಕ್ಕಿದ್ದು ಈ ಕೊನೆಯದು ಮತ್ತು ನಂಜೇರಿದ ಜ್ವರ. ನಡುವಿನ ಖಿನ್ನತೆಗೆ ಹೆಸರೇ ಇರಲಿಲ್ಲ. ಅದನ್ನು ಸೋಮಾರಿತನ ಎಂದರು, ಸೊಕ್ಕು ಎಂದರು, ಹೆಣ್ಣು ಹುಟ್ಟಿದ್ದಕ್ಕೆ ಮುಖ ಊದಿಸಿಕೊಂಡಿದ್ದಾಳೆ ಎಂದರು. ಹೆಸರಿಲ್ಲದ ಕಾಯಿಲೆಗೆ ಮದ್ದು ಹುಡುಕುವವರು ಯಾರು? ಭಾರತದ 38 ಅಧ್ಯಯನಗಳನ್ನು, ಅಂದರೆ 20,043 ತಾಯಂದಿರ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ ಪ್ರಸವೋತ್ತರ ಖಿನ್ನತೆಯ ಪ್ರಮಾಣ ಶೇ. 22. ಐವರು ಬಾಣಂತಿಯರಲ್ಲಿ ಒಬ್ಬರಿಗಿಂತ ಹೆಚ್ಚು.

ಸೈಕೋಸಿಸ್‌ನ ಅಭ್ಯಾಸ ಮೊದಲು ಶುರುವಾಯಿತು, ಏಕೆಂದರೆ ಅದು ಕಣ್ಣಿಗೆ ಹೊಡೆದು ಕಾಣುತ್ತಿತ್ತು. 1858ರಲ್ಲಿ ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ ಗರ್ಭಿಣಿಯರ, ಬಾಣಂತಿಯರ, ಹಾಲೂಡಿಸುವವರ ಮಾನಸಿಕ ಕಾಯಿಲೆಗಳ ಮೇಲೆ ಒಂದು ಇಡೀ ಗ್ರಂಥ ಬರೆದ. ಆಮೇಲೆ ಬಹುಕಾಲ ಇದೊಂದು ಪ್ರತ್ಯೇಕ ಕಾಯಿಲೆಯೇ, ಅಥವಾ ಬೇರೆ ಮನೋರೋಗವೇ ಹೆರಿಗೆಯ ಹೊತ್ತಿಗೆ ತಲೆ ಎತ್ತುವುದೇ ಎಂಬ ವಾದ ನಡೆಯಿತು. 1987ರಲ್ಲಿ ಎಡಿನ್‌ಬರೋದ ಕೆಂಡೆಲ್ ಮತ್ತು ಸಂಗಡಿಗರು 54,087 ಹೆರಿಗೆಗಳ ದಾಖಲೆಯನ್ನು ಮನೋರೋಗ ಆಸ್ಪತ್ರೆಗಳ ದಾಖಲೆಯ ಪಕ್ಕ ಇಟ್ಟು ನೋಡಿದರು. ಹೆರಿಗೆಯಾದ ಮೊದಲ ಮೂವತ್ತು ದಿನಗಳಲ್ಲಿ ಸೈಕೋಸಿಸ್‌ನಿಂದ ದಾಖಲಾಗುವ ಸಂಭವ ಗರ್ಭಕ್ಕೆ ಮೊದಲಿದ್ದುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಿತ್ತು. ಹೆಣ್ಣಿನ ಇಡೀ ಆಯುಷ್ಯದಲ್ಲಿ ಮನಸ್ಸು ಇಷ್ಟು ಅಪಾಯಕ್ಕೆ ಒಡ್ಡಿಕೊಳ್ಳುವ ತಿಂಗಳು ಇನ್ನೊಂದಿಲ್ಲ. ಬಾಣಂತಿಯನ್ನು ಒಂಟಿಯಾಗಿ ಬಿಡಬಾರದು ಎಂಬ ನಮ್ಮ ಕಟ್ಟಳೆಗೆ ಇಷ್ಟು ಗಟ್ಟಿಯಾದ ಲೆಕ್ಕ ಸಿಕ್ಕಿದ್ದು ಆಗಲೇ.

ಬಾಗಿಲ ಹಿಂದಿನ ಮಾತು, ‘ಅವಳ ತಾಯಿಗೂ ಹಿಂಗೇ’ ಎಂಬುದು, ಪರೀಕ್ಷೆಗೆ ಬಂದದ್ದು 2001ರಲ್ಲಿ. ಬ್ರಿಟನ್ನಿನ ಇಯಾನ್ ಜೋನ್ಸ್ ಮತ್ತು ನಿಕ್ ಕ್ರ್ಯಾಡಕ್ ಉನ್ಮಾದವೂ ಖಿನ್ನತೆಯೂ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆ ಇದ್ದ ತಾಯಂದಿರ ಕುಟುಂಬಗಳನ್ನು ಕೆದಕಿ ನೋಡಿದರು. ತಾಯಿಗೋ ಅಕ್ಕತಂಗಿಗೋ ಬಾಣಂತಿ ಸೈಕೋಸಿಸ್ ಆಗಿದ್ದವರಲ್ಲಿ ಶೇ. 74 ಮಂದಿಗೆ ಅದು ಬಂದಿತ್ತು. ಅಂಥ ಕುಟುಂಬ ಚರಿತ್ರೆ ಇಲ್ಲದವರಲ್ಲಿ ಶೇ. 30. ರಕ್ತದಲ್ಲಿ ಏನೋ ಇದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಆವರೆಗೆ ಸಿಕ್ಕಿರಲಿಲ್ಲ. ಖಿನ್ನತೆಯ ವಿಷಯದಲ್ಲಿ ಅಂಥ ಸಾಕ್ಷಿ ಬಂದದ್ದು 2016ರಲ್ಲಿ, ಸ್ವೀಡನ್ನಿನಿಂದ. ಅಲ್ಲಿ ಅವಳಿ ಸೋದರಿಯರನ್ನೂ ಸುಮಾರು 5.8 ಲಕ್ಷ ಅಕ್ಕತಂಗಿಯರನ್ನೂ ಹೋಲಿಸಿ ನೋಡಿದಾಗ, ಹೆರಿಗೆ ಆಸುಪಾಸಿನ ಖಿನ್ನತೆಯಲ್ಲಿ ಆನುವಂಶಿಕತೆಯ ಪಾಲು ಅವಳಿಗಳ ಲೆಕ್ಕದಲ್ಲಿ ಶೇ. 54, ಅಕ್ಕತಂಗಿಯರ ಲೆಕ್ಕದಲ್ಲಿ ಶೇ. 44 ಎಂದು ಬಂತು. ಆ ಆನುವಂಶಿಕ ಪಾಲಿನಲ್ಲಿ ಮೂರನೆಯ ಒಂದು ಭಾಗ ಬೇರೆ ಹೊತ್ತಿನ ಖಿನ್ನತೆಯಲ್ಲಿ ಕಾಣದ್ದು, ಬಾಣಂತಿ ಸ್ಥಿತಿಗೇ ಸೇರಿದ್ದು. ಶೇ. 54 ಎಂದರೆ ತಾಯಿಗಿದ್ದರೆ ಮಗಳಿಗೂ ಅಷ್ಟು ಸಂಭವ ಎಂದು ಓದಿಕೊಳ್ಳಬಾರದು. ಒಂದು ಸಮುದಾಯದ ಹೆಂಗಸರ ನಡುವೆ ಕಾಣುವ ವ್ಯತ್ಯಾಸದಲ್ಲಿ ಅಷ್ಟು ಭಾಗಕ್ಕೆ ಜೀನುಗಳ ವ್ಯತ್ಯಾಸ ಕಾರಣ ಎಂಬುದಷ್ಟೇ ಅದರ ಅರ್ಥ.

ಯಾವ ಜೀನು ಎಂದು ಹುಡುಕಲು ಹೋದಾಗ ದಾರಿ ತಪ್ಪಿತು. ಸಿರೊಟೋನಿನ್ ಸಾಗಿಸುವ ಪ್ರೋಟೀನಿನ ಜೀನೇ ಅಪರಾಧಿ ಎಂದು 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಾಣಂತಿ ಸೈಕೋಸಿಸ್‌ಗೆ ಸಂಬಂಧಿಸಿದ ವರದಿ ಬಂತು. ಆಮೇಲೆ ಹತ್ತಾರು ವರ್ಷ ಒಂದೊಂದೇ ಜೀನನ್ನು ಹಿಡಿದು ನೂರಿನ್ನೂರು ಹೆಂಗಸರಲ್ಲಿ ನೋಡುವ ಅಧ್ಯಯನಗಳು ಸಾಲುಗಟ್ಟಿದವು. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣಲಿಲ್ಲ. 2019ರಲ್ಲಿ ಲಕ್ಷಾಂತರ ಜನರ ಮಾಹಿತಿ ಇಟ್ಟುಕೊಂಡು ಖಿನ್ನತೆಯ ಈ ಹೆಸರುವಾಸಿ ಜೀನುಗಳನ್ನೆಲ್ಲ ಮತ್ತೆ ಪರೀಕ್ಷಿಸಿದಾಗ, ಅವು ಬೇರೆ ಯಾವುದೇ ಜೀನಿಗಿಂತ ಹೆಚ್ಚಿನವೇನಲ್ಲ ಎಂದು ಗೊತ್ತಾಯಿತು. ಎರಡು ದಶಕದ ಪ್ರಬಂಧಗಳ ರಾಶಿಯನ್ನು ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಹೊರಡಲು ಒಪ್ಪಿದ್ದು ಈ ಕ್ಷೇತ್ರದ ದೊಡ್ಡತನ ಎಂದೇ ನಾನು ಭಾವಿಸುತ್ತೇನೆ.

ಹೊಸ ದಾರಿ ಎಂದರೆ ಇಡೀ ಜೀನೋಮನ್ನು, ಸಾವಿರಾರು ತಾಯಂದಿರಲ್ಲಿ, ಪೂರ್ವಗ್ರಹವಿಲ್ಲದೆ ನೋಡುವುದು. 2023ರಲ್ಲಿ ಜೆರ್ರಿ ಗಿಂಟಿವಾನೊ, ಸಮಂತಾ ಮೆಲ್ಟ್‌ಜರ್ ಬ್ರೋಡಿ ಮತ್ತು ಸಂಗಡಿಗರು ಯುರೋಪಿಯನ್ ಮೂಲದ 17,339 ಖಿನ್ನ ತಾಯಂದಿರನ್ನು 53,426 ಇತರರೊಡನೆ ಹೋಲಿಸಿದರು. ‘ಇದೇ ಆ ಜೀನು’ ಎಂದು ಬೊಟ್ಟು ಮಾಡುವಂಥ ಒಂದೂ ಸಿಗಲಿಲ್ಲ. ಆದರೆ ನೂರಾರು ಸಣ್ಣಸಣ್ಣ ವ್ಯತ್ಯಾಸಗಳು ಸೇರಿ ಬೀರುವ ಪ್ರಭಾವದ ಜಾಡು ಸಿಕ್ಕಿತು. ಆ ಜಾಡು ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ನರಕೋಶಗಳ ಕಡೆಗೆ ಹೋಗುತ್ತಿತ್ತು. ಗರ್ಭದಲ್ಲಿ ಏರಿದ್ದ ಪ್ರೊಜೆಸ್ಟರಾನ್, ಅದರಿಂದ ತಯಾರಾಗುವ ಅಲೋಪ್ರೆಗ್ನನೊಲೋನ್, ಹೆರಿಗೆಯ ಬೆನ್ನಿಗೇ ಧೊಪ್ಪನೆ ಇಳಿಯುತ್ತವೆ. ಅಲೋಪ್ರೆಗ್ನನೊಲೋನ್ ಕೆಲಸ ಮಾಡುವುದೇ ಗಾಬಾ ಗ್ರಾಹಕಗಳ ಮೇಲೆ. ಈ ಇಳಿತವನ್ನು ಕೆಲವರ ಮಿದುಳು ಸಹಿಸುತ್ತದೆ, ಕೆಲವರದು ತತ್ತರಿಸುತ್ತದೆ. ಆ ಹಾರ್ಮೋನನ್ನೇ ಅರವತ್ತು ಗಂಟೆ ಡ್ರಿಪ್ ಮೂಲಕ ಕೊಡುವ ಬ್ರೆಕ್ಸನೊಲೋನ್‌ಗೆ ಅಮೆರಿಕದಲ್ಲಿ 2019ರಲ್ಲಿ, ಹದಿನಾಲ್ಕು ದಿನ ನುಂಗುವ ಜುರನೊಲೋನ್ ಮಾತ್ರೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಮದ್ದು ಹುಡುಕಿದವರೂ ಜೀನು ಹುಡುಕಿದವರೂ ಬೇರೆಬೇರೆ ಕಡೆಯಿಂದ ಹೊರಟು ಒಂದೇ ಮನೆಯ ಬಾಗಿಲು ತಟ್ಟಿದ್ದರು.

ಆದರೆ ಆ 17,339 ತಾಯಂದಿರ ಪಟ್ಟಿಯ ಪಕ್ಕದಲ್ಲಿ ಪೂರ್ವ ಏಷ್ಯಾದ ಒಂದು ಗುಂಪೂ ಆಫ್ರಿಕನ್ ಮೂಲದ ಒಂದು ಗುಂಪೂ ಸೇರಿದ್ದವೇ ಹೊರತು ನಮ್ಮವರ ಗುಂಪು ಇರಲಿಲ್ಲ. ಯುರೋಪಿನವರ ಜೀನ್ ಲೆಕ್ಕದಿಂದ ಮಾಡಿದ ಅಪಾಯದ ಅಂದಾಜು ಬೇರೆ ಮೂಲದವರಿಗೆ ಸರಿಯಾಗಿ ಹೊಂದುವುದಿಲ್ಲ ಎಂಬುದು ಈಗ ಎಲ್ಲರೂ ಒಪ್ಪಿದ ಮಾತು. ಈ ಕೊರತೆ ತುಂಬುವ ತಯಾರಿಯೂ ಬೆಂಗಳೂರಿನಲ್ಲೇ ನಡೆದಿದೆ. ಭಾರತೀಯ ವಿಜ್ಞಾನ ಮಂದಿರದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆ ನಮ್ಮ ದೇಶದ ಹತ್ತಿರ ಹತ್ತಿರ 10,000 ಜನರ ಜೀನೋಮ್ ಓದಿ, 2025ರ ಜನವರಿಯಲ್ಲಿ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಟ್ಟಿತು. ನಿಮ್ಹಾನ್ಸ್, ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಗಳು ಸೇರಿ ಶುರು ಮಾಡಿದ ಎಡಿಬಿಎಸ್ ಎಂಬ ಯೋಜನೆಯಲ್ಲಿ ಡಾ. ಸಂಜೀವ್ ಜೈನ್ ಮತ್ತು ಸಂಗಡಿಗರು ಒಂದೇ ಮನೆತನದಲ್ಲಿ ಹಲವರಿಗೆ ಮನೋರೋಗ ಬಂದ ಕುಟುಂಬಗಳನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದ್ದಾರೆ. ಬಾಣಂತಿಯರಿಗೆಂದೇ ಮಾಡಿದ ಯೋಜನೆ ಅದಲ್ಲ. ಆದರೂ ಬೈಪೋಲಾರ್ ಮನೆತನಗಳು ಅದರಲ್ಲಿ ಇರುವುದರಿಂದ ಬಾಣಂತಿ ಸೈಕೋಸಿಸ್‌ನ ಬೇರು ಹುಡುಕುವವರು ನಾಳೆ ಅಲ್ಲಿಗೆ ಹೋಗಲೇಬೇಕು.

ನಿಮ್ಹಾನ್ಸ್‌ನ ಇನ್ನೊಂದು ಕೆಲಸದ ಬಗ್ಗೆ ತುಸು ನಿಂತು ಹೇಳಬೇಕು. 2009ರಲ್ಲಿ ಡಾ. ಪ್ರಭಾ ಚಂದ್ರ ಅವರ ತಂಡ ಅಲ್ಲಿ ಐದು ಹಾಸಿಗೆಯ ತಾಯಿ-ಮಗು ಘಟಕ ಶುರು ಮಾಡಿತು. ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ಅದಕ್ಕೆ ಮೊದಲು ಕಾಯಿಲೆಯಾದ ತಾಯಿಯನ್ನು ಮಾತ್ರ ದಾಖಲು ಮಾಡಿ, ಹಾಲು ಕುಡಿಯುವ ಕೂಸನ್ನು ಮನೆಗೆ ಕಳಿಸುವುದು ವಾಡಿಕೆ. ಎದೆ ಕಟ್ಟಿಕೊಂಡ ತಾಯಿ ಒಂದೆಡೆ, ಬಾಟಲಿ ಹಾಲಿನ ಮಗು ಇನ್ನೊಂದೆಡೆ. ತಾಯಿ-ಮಗುವನ್ನು ಒಟ್ಟಿಗೇ ಇಡುವ ಮಾದರಿ ಬ್ರಿಟನ್ನಿನದು, ಆದರೆ ಬೆಂಗಳೂರಿನವರು ಅದಕ್ಕೆ ಒಂದು ಹೊಸ ನಿಯಮ ಸೇರಿಸಿದರು: ಮನೆಯ ಒಬ್ಬ ಹೆಂಗಸು, ಸಾಮಾನ್ಯವಾಗಿ ಬಾಣಂತಿಯ ತಾಯಿ, ಜೊತೆಯಲ್ಲೇ ಉಳಿಯಬೇಕು. ದಾದಿಯರು ಕಡಿಮೆ ಇರುವ ಕಡೆ ಇದು ಅನುಕೂಲಕ್ಕೆ ಮಾಡಿದ ಏರ್ಪಾಡು ಎನ್ನಬಹುದು. ನನಗೆ ಅದರಲ್ಲಿ ಇನ್ನೊಂದು ಲಾಭ ಕಾಣುತ್ತದೆ. ಕುಟುಂಬದ ಕಾಯಿಲೆ ಚರಿತ್ರೆ ಯಾರ ಬಾಯಲ್ಲಿದೆಯೋ ಅವರೇ ವೈದ್ಯರ ಎದುರು ಕೂತಿರುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದು ಬರೆದಿರುವುದು ತಾಯಿ-ಮಗು ಒಟ್ಟಿಗೇ ಇರಬೇಕೆಂಬ ಈ ತಿಳಿವಳಿಕೆಯನ್ನೇ.

ಇನ್ನು ತಟ್ಟೆಯ ವಿಚಾರ.

ಕಳೆದ ವರ್ಷ ಪೀಣ್ಯದ ಪಕ್ಕದ ಹೆಗ್ಗನಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಮನೆ ಮನೆ ಸುತ್ತಿದ್ದೆ. ಮೂರನೇ ಮಹಡಿಯ ಶೀಟಿನ ಮನೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸದ ಹುಡುಗಿ, ಹೆರಿಗೆಯಾಗಿ ಇಪ್ಪತ್ತೆರಡು ದಿನ. ಸಿಂಧನೂರು ಕಡೆಯ ಹಳ್ಳಿಯಿಂದ ಅವಳ ತಾಯಿ ಬಂದಿದ್ದರು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಹೊಟ್ಟೆಗೆ ಬಿಗಿದ ಹಳೆ ಸೀರೆ, ಎಲ್ಲ ಕ್ರಮದಂತೆ ಇತ್ತು. ಊಟ ಎಂದರೆ ಬಿಸಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ. ಸೊಪ್ಪು ಬೇಡ, ಮಗುವಿಗೆ ಭೇದಿಯಾಗುತ್ತದೆ. ಹಣ್ಣು ಬೇಡ, ಶೀತ. ಮೊಟ್ಟೆ ಬೇಡ, ಹೊಲಿಗೆ ಹಾಕಿದ ಗಾಯ ಕೀವಾಗುತ್ತದೆ. ನೀರು ಕುಡಿಯಲು ಕಾಫಿ ಲೋಟಕ್ಕಿಂತ ಚಿಕ್ಕದೊಂದು ಸ್ಟೀಲ್ ಲೋಟ, ದಿನಕ್ಕೆ ನಾಲ್ಕೋ ಐದೋ ಸಲ. ಗೋಡೆಯ ಮೊಳೆಗೆ ಪ್ಲಾಸ್ಟಿಕ್ ಕವರಿನಲ್ಲಿ ತೂಗುಬಿದ್ದಿದ್ದ ಕಬ್ಬಿಣದ ಮಾತ್ರೆಗಳನ್ನು ಆಶಾ ಎಣಿಸಿದರು. ಮೂರು ಸ್ಟ್ರಿಪ್ ಒಡೆದೇ ಇರಲಿಲ್ಲ. ‘ಹೆರಿಗೆ ಆತಲ್ರೀ, ಇನ್ನ್ಯಾಕ?’ ಎಂದರು ತಾಯಿ. ಹುಡುಗಿ ಒಂದು ಮಾತೂ ಆಡಲಿಲ್ಲ. ಮಗು ಅತ್ತಾಗ ಎತ್ತಿಕೊಂಡಳು, ಹಾಲು ಕುಡಿಸಿದಳು, ಮಲಗಿಸಿದಳು. ಅಷ್ಟೂ ಹೊತ್ತು ಅವಳ ಕಣ್ಣು ಮಗುವಿನ ಮುಖಕ್ಕೆ ಇಳಿಯಲೇ ಇಲ್ಲ.

ಕಬ್ಬಿಣದ ಮಾತ್ರೆ ಹೆರಿಗೆಯೊಂದಿಗೆ ಮುಗಿಯುವುದಿಲ್ಲ. ಅನೀಮಿಯಾ ಮುಕ್ತ ಭಾರತದ ನಿಯಮದಂತೆ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭದಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಮಲ ಕಪ್ಪಗಾಗುವುದು, ಮಲಬದ್ಧತೆ, ಹೊಟ್ಟೆ ತೊಳಸುವುದು ಆಗುತ್ತವೆ. ಕಾಫಿ, ಟೀ ಜೊತೆ ನುಂಗಿದರೆ ಕಬ್ಬಿಣ ದೇಹಕ್ಕೆ ಸೇರುವುದೂ ಕಡಿಮೆ. ಇದನ್ನು ಕೂತು ವಿವರಿಸುವವರು ಇಲ್ಲದಿದ್ದರೆ ಮಾತ್ರೆ ಮೊಳೆಯಲ್ಲೇ ಉಳಿಯುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣ ಬರೀ ರಕ್ತದ ಬಣ್ಣಕ್ಕಲ್ಲ. ಮಿದುಳಿನಲ್ಲಿ ಡೋಪಮಿನ್, ಸಿರೊಟೋನಿನ್ ತಯಾರಿಸುವ ಕಿಣ್ವಗಳಿಗೂ ಅದೇ ಬೇಕು. ದಕ್ಷಿಣ ಆಫ್ರಿಕಾದಲ್ಲಿ ಜಾನ್ ಬಿಯರ್ಡ್ ತಂಡ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರಕ್ತಹೀನ ಬಾಣಂತಿಯರಿಗೆ ಕಬ್ಬಿಣ ಕೊಟ್ಟಾಗ ಅವರ ಖಿನ್ನತೆ, ಒತ್ತಡದ ಅಂಕಗಳು ಇಳಿದವು. ಕೊಡದವರಲ್ಲಿ ಹಾಗೆಯೇ ಉಳಿದವು. ಪ್ರಯೋಗ ಸಣ್ಣದು. ಆದರೂ ಆಹಾರದ ಕಡೆಯಿಂದ ಬಂದ ಸಾಕ್ಷಿಗಳಲ್ಲಿ ನಾನು ಹೆಚ್ಚು ತೂಕ ಕೊಡುವುದು ಇದಕ್ಕೇ. ಕೊರತೆ ಇದ್ದವರನ್ನು ಆರಿಸಿ, ಅದೇ ಕೊರತೆ ತುಂಬಿ ನೋಡಿದ ಕೆಲಸ ಅದು.

ಈ ಎಚ್ಚರ ಇಲ್ಲದ ಕಡೆ ಆಹಾರ ವಿಜ್ಞಾನವೂ ಜೀನ್ ವಿಜ್ಞಾನದ ಹಾಗೆಯೇ ಎಡವಿತು. ಮೀನು ಹೆಚ್ಚು ತಿನ್ನುವ ದೇಶಗಳಲ್ಲಿ ಪ್ರಸವೋತ್ತರ ಖಿನ್ನತೆ ಕಡಿಮೆ ಎಂದು 2002ರಲ್ಲಿ ಜೋಸೆಫ್ ಹಿಬ್ಬೆಲ್ನ್ ತೋರಿಸಿದಾಗ ಮೀನೆಣ್ಣೆಯ ಒಮೆಗಾ-3 ಮಾತ್ರೆಯ ಮೇಲೆ ಆಸೆ ಹುಟ್ಟಿತು. 2010ರಲ್ಲಿ ಆಸ್ಟ್ರೇಲಿಯಾದ 2,399 ಗರ್ಭಿಣಿಯರ ಮೇಲೆ ನಡೆದ ಡೊಮಿನೊ ಪ್ರಯೋಗದಲ್ಲಿ ದಿನಕ್ಕೆ 800 ಮಿಲಿಗ್ರಾಂ ಒಮೆಗಾ-3 ಬಗೆಯ ಡಿಎಚ್‌ಎ ಕೊಟ್ಟರೂ ಖಿನ್ನತೆ ಇಳಿಯಲಿಲ್ಲ. ಮೀನು ತಿನ್ನುವ ದೇಶಗಳಲ್ಲಿ ಮೀನಿನ ಜೊತೆ ಇನ್ನೂ ನೂರು ಸಂಗತಿಗಳು ಬೇರೆ ಇರುತ್ತವಲ್ಲ. ವಿಟಮಿನ್ ಡಿ, ಸತು ಮುಂತಾದವುಗಳ ಕಥೆಯೂ ಸದ್ಯಕ್ಕೆ ಹೆಚ್ಚುಕಡಿಮೆ ಹೀಗೇ ಇದೆ.

ನಮಗೆ ಹೆಚ್ಚು ಹತ್ತಿರದ್ದು ವಿಟಮಿನ್ ಬಿ12. ಹಾಲು, ಮೊಟ್ಟೆ, ಮೀನು, ಮಾಂಸ ಬಿಟ್ಟರೆ ಅದು ಸಿಗುವುದು ಕಷ್ಟ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಗರ್ಭಿಣಿಯರಲ್ಲಿ ಶೇ. 43 ಮಂದಿಗೆ ಬಿ12 ಕಡಿಮೆ ಇತ್ತು ಎಂದು ಕೃಷ್ಣವೇಣಿ ಮತ್ತು ಸಂಗಡಿಗರು 2009ರಲ್ಲಿ ವರದಿ ಮಾಡಿದರು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಹೊಸಹಳ್ಳಿ ರೆಫರಲ್ ಆಸ್ಪತ್ರೆಯ 366 ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೆರಿಗೆಯ ಆರು ವಾರದವರೆಗೂ ದಿನಕ್ಕೆ 50 ಮೈಕ್ರೋಗ್ರಾಂ ಬಿ12 ಕೊಟ್ಟರು. ತಾಯಿಯ ರಕ್ತದಲ್ಲಿ, ಎದೆಹಾಲಿನಲ್ಲಿ, ಮಗುವಿನಲ್ಲಿ ಬಿ12 ಏರಿತು ಎಂದು 2014ರಲ್ಲಿ ಪ್ರಕಟವಾಯಿತು. ಆ ಮಕ್ಕಳು ಎರಡೂವರೆ ವರ್ಷದವರಾದಾಗ ಮಾತಿನಲ್ಲಿ ತುಸು ಮುಂದಿದ್ದರು. ಆದರೆ ಅದೇ ಸಂಸ್ಥೆಯವರು ನಗರದ 365 ಗರ್ಭಿಣಿಯರ ಮನಸ್ಸಿನ ಸ್ಥಿತಿಯನ್ನು ಮೊದಲ ಮೂರು ತಿಂಗಳಲ್ಲಿ ಅಳೆದಾಗ, ಮೂರನೆಯ ಒಂದು ಭಾಗದವರಲ್ಲಿ ಖಿನ್ನತೆಯ ಲಕ್ಷಣ ಕಂಡರೂ ಬಿ12ಕ್ಕೂ ಅದಕ್ಕೂ ನಂಟು ಸಿಗಲಿಲ್ಲ. ನಂಟು ಸಿಕ್ಕಿದ್ದು ವಾಂತಿಯ ಕಾಟಕ್ಕೆ. ಬಿ12 ಇಂಜೆಕ್ಷನ್ ಹಾಕಿಸಿದರೆ ಬೇಸರ ಹೋಗುತ್ತದೆ ಎಂದು ಕ್ಲಿನಿಕ್ಕುಗಳಲ್ಲಿ ಸಲೀಸಾಗಿ ಹೇಳುವವರು ಈ ಬೆಂಗಳೂರಿನ ಫಲಿತಾಂಶವನ್ನು ಒಮ್ಮೆ ನೋಡಬೇಕು. ಕೊರತೆ ಇದ್ದರೆ ತುಂಬಲೇಬೇಕು, ಮಗುವಿನ ಸಲುವಾಗಿಯಾದರೂ. ಖಿನ್ನತೆಗೆ ಅದೊಂದೇ ಮದ್ದು ಎನ್ನಲು ಆಧಾರ ಇಲ್ಲ.

ಊಟ ಮತ್ತು ರಕ್ತ ಒಂದಕ್ಕೊಂದು ಸಿಗುವ ಜಾಗವೂ ಇಲ್ಲೇ ಇದೆ. ಬಿ12 ಮತ್ತು ಫೋಲೇಟ್ ಸೇರಿ ಹೋಮೊಸಿಸ್ಟೀನ್ ಎಂಬ ವಸ್ತುವನ್ನು ರಕ್ತದಿಂದ ಇಳಿಸುತ್ತವೆ. ಈ ಕೆಲಸದಲ್ಲಿ ಫೋಲೇಟನ್ನು ಸಿದ್ಧಪಡಿಸಿ ಕೊಡುವ ಕಿಣ್ವದ ಜೀನ್ ಎಂಟಿಎಚ್‌ಎಫ್‌ಆರ್. ಕೆಲವರಲ್ಲಿ ಆ ಜೀನಿನ ಒಂದು ಅಕ್ಷರ ಬೇರೆ ಇದ್ದು ಕಿಣ್ವ ನಿಧಾನ. ಬ್ರಿಟನ್ನಿನ ಬ್ರಿಸ್ಟಲ್ ಸುತ್ತಿನ ತಾಯಂದಿರಲ್ಲಿ ಗರ್ಭದಲ್ಲಿ ಫೋಲಿಕ್ ಆಮ್ಲ ನುಂಗಿದವರಿಗೆ ಹೆರಿಗೆಯ 21 ತಿಂಗಳ ನಂತರದ ಖಿನ್ನತೆ ಕಡಿಮೆ ಎಂದೂ, ಈ ಲಾಭ ನಿಧಾನದ ಕಿಣ್ವ ಇದ್ದವರಲ್ಲೇ ಹೆಚ್ಚು ಕಂಡಿತೆಂದೂ 2012ರಲ್ಲಿ ಸಾರಾ ಲೂಯಿಸ್ ಮತ್ತು ಸಂಗಡಿಗರು ಬರೆದರು. ಒಂದೇ ಊಟ ಎಲ್ಲರಿಗೂ ಒಂದೇ ಥರ ಒದಗುವುದಿಲ್ಲ ಎಂಬುದರ ಸುಳಿವು ಇದು. ಬೇರೆ ಕಡೆ ಗಟ್ಟಿಯಾಗಿ ಸಾಬೀತಾಗುವ ತನಕ ಸುಳಿವು ಸುಳಿವೇ. ಇದೇ ಜೀನ್ ಪರೀಕ್ಷೆಯನ್ನು ಆರೋಗ್ಯ ಪ್ಯಾಕೇಜಿನಲ್ಲಿ ಸೇರಿಸಿ, ಇಂಥದ್ದು ತಿನ್ನಿ ಎಂದು ಚೀಟಿ ಕೊಡುವ ವ್ಯಾಪಾರ ಐಟಿ ಮಂದಿಯ ನಡುವೆ ಬೆಳೆಯುತ್ತಿದೆ. ಬಾಣಂತಿಯ ಮನಸ್ಸನ್ನು ಆ ಚೀಟಿಯಿಂದ ಓದಲು ಬರುವುದಿಲ್ಲ.

ಹೋಮೊಸಿಸ್ಟೀನ್ ಬಗ್ಗೆ ಬೆಂಗಳೂರಿನ ಇನ್ನೊಂದು ದೊಡ್ಡ ಕೆಲಸವಿದೆ, ಇದು ನೇರ ಸನ್ನಿಯ ಗಂಟಿಗೇ ಕೈ ಹಾಕಿದ್ದು. ಬಾಣಂತಿಯರಲ್ಲಿ ಮಿದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆ ನಮ್ಮಲ್ಲಿ ಹೆಚ್ಚು. ತಲೆನೋವು, ಫಿಟ್ಸ್, ಗೊಂದಲ, ಬಡಬಡಿಕೆ. ಹೊರಗಿನಿಂದ ನೋಡುವವರಿಗೆ ಹುಚ್ಚಿನಂತೆಯೇ. ನಿಮ್ಹಾನ್ಸ್‌ನ ನರವೈದ್ಯ, ಸಂಸ್ಥೆಯ ನಿರ್ದೇಶಕರೂ ಆಗಿದ್ದ ಡಾ. ಡಿ. ನಾಗರಾಜ ಅವರು ಇದನ್ನು ದಶಕಗಟ್ಟಲೆ ಅಭ್ಯಾಸ ಮಾಡಿದರು. ಅವರೂ ಡಾ. ರೀಟಾ ಕ್ರಿಸ್ಟೋಫರ್ ಮೊದಲಾದವರೂ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಬಾಣಂತಿಯರಲ್ಲಿ ಹೋಮೊಸಿಸ್ಟೀನ್ ಏರಿದ್ದೂ ಕಂಡಿತು. ಬಾಣಂತಿಗೆ ನೀರು ಬಿಗಿಹಿಡಿಯುವ ಪದ್ಧತಿಯನ್ನೂ ಭಾರತದ ನರವೈದ್ಯರು ಕಾರಣಗಳ ನಡುವೆ ಬರೆಯುತ್ತ ಬಂದಿದ್ದಾರೆ. ತಣ್ಣೀರು ಕುಡಿದರೆ ಸನ್ನಿ ಎಂದು ಹೆದರಿ ನೀರು ಕೊಡದೆ ಇದ್ದ ಮನೆಗಳಲ್ಲಿ, ನೀರು ಸಾಲದ್ದೇ ಒಂದು ಬಗೆಯ ಸನ್ನಿಗೆ ದಾರಿಯಾಗಿತ್ತು. ಹೆಗ್ಗನಹಳ್ಳಿಯ ಆ ಪುಟ್ಟ ಸ್ಟೀಲ್ ಲೋಟ ನೋಡಿ ನನಗೆ ಕೂತಲ್ಲೇ ಎದೆ ಭಾರವಾದದ್ದು ಅದಕ್ಕೆ.

ಹಾಗೆಂದು ಬಾಣಂತನವನ್ನೇ ಮೂಢನಂಬಿಕೆ ಎಂದು ತಳ್ಳುವವರ ಜೊತೆ ನಾನಿಲ್ಲ. ಉತ್ತರ ಕರ್ನಾಟಕದ ಅಂಟಿನುಂಡೆ, ಅಳವಿ ಪಾಯಸ, ಸಬ್ಬಸಿಗೆ ಸೊಪ್ಪು, ಕೊಬ್ಬರಿ, ಬೆಲ್ಲ, ರಾಗಿ ಇವುಗಳಲ್ಲಿ ಶಕ್ತಿಯಿದೆ, ಕಬ್ಬಿಣವಿದೆ, ಸುಣ್ಣವಿದೆ. ಅದಕ್ಕಿಂತ ಮಿಗಿಲಾಗಿ, ರಾತ್ರಿ ಮಗು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ ಇರುತ್ತದೆ. ನಿದ್ದೆಗೆಡುವುದು ಬೈಪೋಲಾರ್ ಒಲವು ಇರುವವರಲ್ಲಿ ಉನ್ಮಾದಕ್ಕೆ ಕಿಡಿ ಹಚ್ಚುತ್ತದೆ ಎಂದು ಬ್ರಿಟನ್ನಿನ ಅಧ್ಯಯನಗಳು ಹೇಳುತ್ತವೆ. ತಾಯಿ ಪಕ್ಕದಲ್ಲಿ ಮಲಗಿದ್ದರೆ ಮಗಳಿಗೆ ನಾಲ್ಕು ಗಂಟೆ ಒಂದೇ ಸಮನೆ ನಿದ್ದೆ ಸಿಗುತ್ತದೆ, ಅದು ಯಾವ ಮಾತ್ರೆಗೂ ಕಡಿಮೆಯಿಲ್ಲ. ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್‌ನಲ್ಲಿ ಮುರಿದು ಬಿದ್ದಿರುವುದು ಈ ಭಾಗವೇ. ಹಳ್ಳಿಯಲ್ಲಿ ಮೂರು ತಿಂಗಳು, ಐದು ತಿಂಗಳು ನಡೆಯುತ್ತಿದ್ದ ಬಾಣಂತನ ಇಲ್ಲಿ ತಾಯಿಗೆ ಕೂಲಿ ತಪ್ಪುವುದರಿಂದ ಹದಿನೈದಿಪ್ಪತ್ತು ದಿನಕ್ಕೆ ಇಳಿದಿದೆ. ಪಥ್ಯ ಉಳಿಯಿತು, ಪೋಷಣೆ ಹೋಯಿತು. ಮಾತೃಪೂರ್ಣ ಯೋಜನೆಯಲ್ಲಿ 2017ರಿಂದ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ತಿಂಗಳಿಗೆ 25 ದಿನ ಬಿಸಿಯೂಟ, ಮೊಟ್ಟೆ, ಹಾಲು, ಚಿಕ್ಕಿ ಇದೆ. ಆದರೆ ಹಸಿ ಬಾಣಂತಿ ಮೂರು ಮಹಡಿ ಇಳಿದು ಅಂಗನವಾಡಿಗೆ ಹೋಗಬೇಕು. 26 ವಾರಗಳ ಸಂಬಳದ ರಜೆಯೂ 2017ರಿಂದ ಕಾನೂನಿನಲ್ಲಿದೆ. ಗುತ್ತಿಗೆಯವನ ಪುಸ್ತಕದಲ್ಲಿ ಹೆಸರೇ ಇಲ್ಲದವಳಿಗೆ ಅದು ಹೇಗೆ ಸಿಗಬೇಕು?

ವೈಟ್‌ಫೀಲ್ಡ್‌ನ ಫ್ಲ್ಯಾಟಿನಲ್ಲಿ ಊಟಕ್ಕೆ ಕೊರತೆಯಿಲ್ಲ. ಎಣ್ಣೆಸ್ನಾನಕ್ಕೂ ಅಡುಗೆಗೂ ಸಂಬಳದ ಹೆಂಗಸರು ಸಿಗುತ್ತಾರೆ. ಅಲ್ಲಿ ತಪ್ಪುವುದು ಬೇರೆ. ಅಮೆರಿಕದ ಹೊತ್ತಿಗೆ ಕೆಲಸ ಮಾಡುವ ಗಂಡ, ವೀಡಿಯೊ ಕಾಲಿನಲ್ಲಿ ಮಾತ್ರ ಕಾಣುವ ಅಕ್ಕ, ಎಲ್ಲ ಚೆನ್ನಾಗಿದೆ ಎಂದು ಹೇಳಲೇಬೇಕಾದ ಒತ್ತಾಯ. ಅಲ್ಲೂ ‘ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ’ ಎಂಬ ಮಾತು ಪೀಣ್ಯದಷ್ಟೇ ಬೇಗ ಬಾಯಿಗೆ ಬರುತ್ತದೆ.

ಆ ಮಾತನ್ನು ದಾಟುವುದೇ ಈಗ ಮಾಡಬೇಕಾದ ಕೆಲಸ. ಬಾಣಂತಿಯ ಮನಸ್ಸಿಗೆ ಏನಾಗಲಿದೆ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ. ಆದರೆ ಜೀನುಗಳ ಇಡೀ ಕಥೆಯನ್ನು ಒಂದು ನಿಮಿಷದಲ್ಲಿ ಕೇಳಬಹುದಾದ ಪ್ರಶ್ನೆಯೊಂದಿದೆ: ನಿಮ್ಮ ತಾಯಿಗೆ, ಅಕ್ಕತಂಗಿಗೆ, ಚಿಕ್ಕಮ್ಮನಿಗೆ ಹೆರಿಗೆಯಾದ ಮೇಲೆ ಮನಸ್ಸಿಗೆ ಏನಾದರೂ ತೊಂದರೆ ಆಗಿತ್ತೇ? ಇದರ ಜೊತೆಗೆ ಬಾಣಂತಿಯ ಖಿನ್ನತೆ ಗುರುತಿಸಲು 1987ರಲ್ಲಿ ಕಾಕ್ಸ್, ಹೋಲ್ಡನ್, ಸಗೋವ್‌ಸ್ಕಿ ರೂಪಿಸಿದ ಎಡಿನ್‌ಬರೋ ಮಾಪನದ ಹತ್ತು ಪ್ರಶ್ನೆಗಳಿವೆ. ಅದರ ಕನ್ನಡ ರೂಪವನ್ನು ಸೇಂಟ್ ಜಾನ್ಸ್‌ನ ಡಾ. ಕೆ. ಶ್ರೀನಿವಾಸನ್ ಮತ್ತು ಸಂಗಡಿಗರು 194 ಗ್ರಾಮೀಣ ಗರ್ಭಿಣಿಯರಲ್ಲಿ ಪರೀಕ್ಷಿಸಿ, ಕೆಲಸಕ್ಕೆ ಬರುತ್ತದೆ ಎಂದು 2011ರಲ್ಲೇ ತೋರಿಸಿದ್ದಾರೆ. ಹಿಮೋಗ್ಲೋಬಿನ್ ನೋಡಲು ಬೆರಳು ಚುಚ್ಚುವ ಹೊತ್ತಿನಲ್ಲೇ ಇವನ್ನೂ ಕೇಳಿ ಮುಗಿಸಬಹುದು. ಉತ್ತರ ಗಾಬರಿ ಹುಟ್ಟಿಸಿದರೆ 2022ರ ಅಕ್ಟೋಬರ್‌ನಿಂದ ಟೆಲಿ-ಮಾನಸ್‌ನ 14416 ಸಂಖ್ಯೆ ಹಗಲು ರಾತ್ರಿ ಕನ್ನಡದಲ್ಲಿ ಸಿಗುತ್ತದೆ. ಅದರ ಮುಖ್ಯ ಕೇಂದ್ರ ನಿಮ್ಹಾನ್ಸ್, ತಂತ್ರಜ್ಞಾನ ಎಲೆಕ್ಟ್ರಾನಿಕ್ ಸಿಟಿಯ ಐಐಐಟಿಯದು. ಸೈಕೋಸಿಸ್ ಆದರೆ ಕಾಯುವಂತಿಲ್ಲ, ಅದೇ ದಿನ ಆಸ್ಪತ್ರೆ. ಬೇಗ ಹಿಡಿದರೆ ಹೆಚ್ಚಿನವರಲ್ಲಿ ಪೂರ್ತಿ ಗುಣವಾಗುವ ಕಾಯಿಲೆ ಅದು.

ಹೆಗ್ಗನಹಳ್ಳಿಯ ಮನೆಯಲ್ಲಿ ಆ ದಿನ ಆಶಾ ಹತ್ತು ಪ್ರಶ್ನೆ ಮುಗಿಸಿ, ಹನ್ನೊಂದನೆಯದಾಗಿ ಮನೆತನದ ಆ ಪ್ರಶ್ನೆಯನ್ನು ಕೇಳಿದರು. ಹುಡುಗಿ ಅಮ್ಮನ ಮುಖ ನೋಡಿದಳು. ಅಮ್ಮ ಮೊದಲು ‘ಇಲ್ರೀ, ನಮ್ಮಾಗ ಅಂಥಾದ್ದೇನಿಲ್ಲ’ ಅಂದರು. ಎದ್ದು ಒಲೆ ಸಣ್ಣ ಮಾಡಿ ಬಂದರು. ಮೊಮ್ಮಗುವಿನ ಕುಲಾವಿ ಸರಿ ಮಾಡಿದರು. ಆಮೇಲೆ ಅಂದರು: ‘ನಮ್ಮವ್ವಗ ಆಗಿತ್ತಂತ. ನನ್ನ ಹಡದಾಗ. ಮೂರು ತಿಂಗ್ಳು ನನ್ನ ಮುಖ ನೋಡಿಲ್ಲಂತ. ಈಕೀ ಮುಂದ ಯಾವತ್ತೂ ಹೇಳಿಲ್ಲ ನಾ.’ ಮಗಳು ಆ ಮಾತಿಗೆ ತಲೆ ಎತ್ತಿದಳು. ಆಶಾ ತಾಯಿ ಕಾರ್ಡು ತೆರೆದು, ಹಿಮೋಗ್ಲೋಬಿನ್ 8.4 ಎಂದು ಬರೆದಿದ್ದ ಸಾಲಿನ ಪಕ್ಕದ ಅಂಚಿನಲ್ಲಿ ಪೆನ್ನಿನಿಂದ ಸಣ್ಣಗೆ ಬರೆದುಕೊಂಡರು: ‘ತಾಯಿಯ ತಾಯಿಗೆ ಬಾಣಂತನದಲ್ಲಿ ಆಗಿತ್ತು.’ ಬರೆದು ಮುಗಿಸುವಷ್ಟರಲ್ಲಿ ಆ ಅಮ್ಮ ದೊಡ್ಡ ಲೋಟದ ತುಂಬ ಕಾಯಿಸಿ ಆರಿಸಿದ ನೀರು ತಂದು ಮಗಳ ಕೈಗಿಟ್ಟರು.